ಐದು ಗುಂಡಿನ ಎಸ್‌ಡಿ ನಂಬಬೇಡಿ

ನಮಸ್ಕಾರ. ಇವತ್ತು ಕ್ರೋನೋಗ್ರಾಫ್ ಬಗ್ಗೆ ಮಾತಾಡೋಣ, ಅಂದರೆ ಗುಂಡಿನ ವೇಗ ಅಳೆಯುವ ಯಂತ್ರ. ಯಾವುದು ತಗೋಬೇಕು ಅಂತ ಕೇಳುವವರು ತುಂಬಾ ಜನ. ಹೇಳುತ್ತೇನೆ. ಅದಕ್ಕೂ ಮೊದಲು ನನ್ನದೊಂದು ತಕರಾರಿದೆ, ಅದನ್ನು ಮುಗಿಸಿಬಿಡುತ್ತೇನೆ.

ಐದು ಗುಂಡು ಹೊಡೆದು, ಪರದೆಯ ಫೋಟೋ ತೆಗೆದು, ನೋಡಿ ಎಸ್‌ಡಿ ಎಷ್ಟು ಕಡಿಮೆ ಬಂತು ಅಂತ ಹಾಕುತ್ತಾರಲ್ಲ, ಅದನ್ನು ನಾನು ನಂಬುವುದಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತಲ್ಲ. ಯಂತ್ರ ತೋರಿಸಿದ್ದು ನಿಜವೇ. ಆದರೆ ಐದು ಗುಂಡು ಇಟ್ಟುಕೊಂಡು ಅಷ್ಟು ದೊಡ್ಡ ಮಾತು ಆಡೋಕೆ ಆಗಲ್ಲ.

ಎಸ್‌ಡಿ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್. ಒಂದೊಂದು ಗುಂಡೂ ಸರಾಸರಿ ವೇಗದಿಂದ ಎಷ್ಟು ಆಚೀಚೆ ಹೋಗುತ್ತದೆ ಅನ್ನುವುದರ ಅಳತೆ. ಐದು ಗುಂಡಿಗೆ ಸೆಕೆಂಡಿಗೆ 3 ಮೀಟರ್ ಎಸ್‌ಡಿ ಬಂತು ಅಂದುಕೊಳ್ಳಿ. ಸಂಖ್ಯಾಶಾಸ್ತ್ರದ ಲೆಕ್ಕ ಹಾಕಿ ನೋಡಿದರೆ ಆ ಕಾಡತೂಸಿನ ನಿಜವಾದ ಎಸ್‌ಡಿ 1.8 ಇರಬಹುದು, 8.6 ಕೂಡ ಇರಬಹುದು. 95 ಶೇಕಡಾ ಭರವಸೆಯಿಂದ ಹೇಳಬಹುದಾದದ್ದು ಇಷ್ಟೇ. 1.8 ಅಂದರೆ ಹಬ್ಬ, 8.6 ಅಂದರೆ ಕಸ. ಎರಡರಲ್ಲಿ ಯಾವುದು ಅಂತಲೇ ಗೊತ್ತಿಲ್ಲದೆ ಫೋಟೋ ಯಾಕೆ? ಇಪ್ಪತ್ತು ಗುಂಡು ಹೊಡೆದು ಅದೇ 3 ಬಂದರೆ ನಿಜವಾದದ್ದು ಸುಮಾರು 2.3ರಿಂದ 4.4ರ ಒಳಗೆ ಇರುತ್ತದೆ. ಈಗ ಮಾತಾಡಬಹುದು.

ಇನ್ನು ಇಎಸ್, ಎಕ್ಸ್‌ಟ್ರೀಮ್ ಸ್ಪ್ರೆಡ್. ಎಲ್ಲಕ್ಕಿಂತ ವೇಗದ ಗುಂಡಿಗೂ ಎಲ್ಲಕ್ಕಿಂತ ನಿಧಾನದ ಗುಂಡಿಗೂ ಇರುವ ವ್ಯತ್ಯಾಸ. ಇದು ಇನ್ನೂ ಮೋಸದ ಅಂಕಿ, ಯಾಕೆಂದರೆ ಹೊಡೆದಷ್ಟೂ ಇದು ಬೆಳೆಯಬಹುದೇ ಹೊರತು ಇಳಿಯುವುದಿಲ್ಲ. ಸರಾಸರಿ ಲೆಕ್ಕದಲ್ಲಿ ಐದು ಗುಂಡಿಗೆ ಎಸ್‌ಡಿಯ 2.3 ಪಟ್ಟು, ಇಪ್ಪತ್ತು ಗುಂಡಿಗೆ 3.7 ಪಟ್ಟು. ನಿಮಗೆ ಚಿಕ್ಕ ಇಎಸ್ ಬೇಕಾ? ಮೂರೇ ಗುಂಡು ಹೊಡೆದು ಯಂತ್ರ ಆಫ್ ಮಾಡಿ.

ಮತ್ತೆ ಇನ್ನೊಂದು. ನೀವು ಎಷ್ಟು ದೂರ ಹೊಡೆಯುತ್ತೀರಿ? ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 100 ಮೀಟರ್ ದಾಟುವಷ್ಟರಲ್ಲಿ ಸುಮಾರು 8 ಸೆಂಟಿಮೀಟರ್ ಕೆಳಗೆ ಬೀಳುತ್ತದೆ. ವೇಗದಲ್ಲಿ ಒಂದು ಶೇಕಡಾ, ಅಂದರೆ ಪೂರ್ತಿ 8 ಮೀಟರ್ ಹೆಚ್ಚುಕಡಿಮೆ ಆದರೂ ಗುರಿಯ ಮೇಲೆ ಬೀಳುವ ವ್ಯತ್ಯಾಸ ಎರಡು ಮಿಲಿಮೀಟರೂ ಇಲ್ಲ. ಕಾಗದದ ಮೇಲಿನ ತೂತಿನ ಅಗಲವೇ ಅದಕ್ಕಿಂತ ದೊಡ್ಡದು! 900 ಮೀಟರಿಗೆ ಹೋದರೆ ಕಥೆ ಬೇರೆ, ಅಲ್ಲಿ ಗುಂಡು ಹತ್ತು ಮೀಟರ್ ಆಸುಪಾಸು ಬೀಳುತ್ತದೆ, ಅದೇ ಒಂದು ಶೇಕಡಾ ಸುಮಾರು 20 ಸೆಂಟಿಮೀಟರ್ ಮೇಲೆ ಕೆಳಗೆ ಮಾಡಿಬಿಡುತ್ತದೆ. ಹಾಗಾಗಿ 100 ಮೀಟರಿನಲ್ಲೇ ಹೊಡೆಯುವವರು ಎಸ್‌ಡಿ ಹಿಂದೆ ಬಿದ್ದು ತಲೆ ಕೆಡಿಸಿಕೊಳ್ಳುವುದು ಸುಮ್ನೆ ದಂಡ. ಅವರ ಗ್ರೂಪ್, ಅಂದರೆ ಗುರಿಯ ಮೇಲೆ ಬಿದ್ದ ತೂತುಗಳ ಗುಂಪು, ಅಗಲ ಆಗುತ್ತಿರುವುದಕ್ಕೆ ಕಾರಣ ಬೇರೆಲ್ಲೋ ಇದೆ.

ಸರಿ, ಯಂತ್ರಕ್ಕೆ ಬರೋಣ.

ಹಳೆಯ ಕಾಲದಲ್ಲಿ ಇದಕ್ಕೆ ಲೋಲಕ ಇತ್ತು. ಬೆಂಜಮಿನ್ ರಾಬಿನ್ಸ್ ಅನ್ನುವ ಇಂಗ್ಲಿಷ್ ಗಣಿತಜ್ಞ 1742ರಲ್ಲೇ ಬರೆದಿಟ್ಟಿದ್ದಾನೆ. ತೂಗುಹಾಕಿದ ಭಾರದ ಮರಕ್ಕೆ ಗುಂಡು ಹೊಡೆಯುವುದು, ಮರ ಎಷ್ಟು ಹಿಂದೆ ತೂಗಿತು ಅಂತ ಅಳೆಯುವುದು, ಅದರಿಂದ ವೇಗ ಲೆಕ್ಕ ಹಾಕುವುದು. ಬ್ಯಾಟರಿ ಇಲ್ಲ, ಪರದೆ ಇಲ್ಲ. ನನಗಂತೂ ಇದು ಈಗಲೂ ಬೆರಗು.

ಈಗ ಸಿಗುವುದರಲ್ಲಿ ಅಗ್ಗದ್ದು ಬೆಳಕಿನ ಯಂತ್ರ. ಎರಡು ಕಣ್ಣು, ಅವುಗಳ ಮೇಲೆ ಬಿಳಿ ಪ್ಲಾಸ್ಟಿಕ್ ಹೊದಿಕೆ. ಗುಂಡು ಹಾದಾಗ ಮೊದಲ ಕಣ್ಣಿಗೆ ನೆರಳು ಬೀಳುತ್ತದೆ, ಗಡಿಯಾರ ಶುರು. ಎರಡನೆಯದಕ್ಕೆ ನೆರಳು ಬಿದ್ದಾಗ ನಿಲ್ಲುತ್ತದೆ. ಕಣ್ಣುಗಳ ನಡುವೆ 60 ಸೆಂಟಿಮೀಟರ್ ಇದ್ದರೆ 800 ಮೀಟರ್ ವೇಗದ ಗುಂಡಿಗೆ 750 ಮೈಕ್ರೋಸೆಕೆಂಡ್ ಸಾಕು. ಗಡಿಯಾರ ಇದನ್ನು ಎಣಿಸುತ್ತದೆ, ಅದರ ಚಿಂತೆ ಬೇಡ. ಚಿಂತೆ ಇರುವುದು ಅಂತರದ್ದು. ಆ 60 ಸೆಂಟಿಮೀಟರಿನಲ್ಲಿ 3 ಮಿಲಿಮೀಟರ್ ಹೆಚ್ಚುಕಡಿಮೆ ಆದರೆ ಅಂಕಿ 4 ಮೀಟರ್ ತಪ್ಪುತ್ತದೆ. ಅಂತರ 30 ಸೆಂಟಿಮೀಟರೇ ಇದ್ದರೆ 8 ಮೀಟರ್. ಈ ತಪ್ಪು ಎಲ್ಲ ಗುಂಡಿಗೂ ಒಂದೇ ಥರ ಸೇರಿದರೆ ಪರವಾಗಿಲ್ಲ, ಸರಾಸರಿ ಸ್ವಲ್ಪ ಸರಿಯುತ್ತದೆ ಅಷ್ಟೇ, ಎಸ್‌ಡಿ ಹಾಗೇ ಇರುತ್ತದೆ. ಆದರೆ ಮೋಡ ಬಂದು ಹೋಗುತ್ತಿರುವಾಗ, ಬಿಸಿಲು ವಾರೆಯಾಗಿ ಬಿದ್ದು ಗುಂಡಿನ ಹೊಟ್ಟೆ ಹೊಳೆಯುವಾಗ, ಕಣ್ಣು ಒಂದು ಗುಂಡನ್ನು ತುಸು ಬೇಗ, ಇನ್ನೊಂದನ್ನು ತುಸು ತಡವಾಗಿ ನೋಡುತ್ತದೆ. ಆಗ ನೀವು ಅಳೆಯುತ್ತಿರುವುದು ಕಾಡತೂಸಿನ ಎಸ್‌ಡಿ ಅಲ್ಲ, ಆಕಾಶದ ಎಸ್‌ಡಿ.

ಇದಕ್ಕೆ ಓಹ್ಲರ್ ಅನ್ನುವ ಕ್ರೋನೋಗ್ರಾಫ್ ಕಂಪನಿಯವರು ಹಿಂದೆಯೇ ಒಳ್ಳೆ ಉಪಾಯ ಮಾಡಿದ್ದರು. ಮೂರನೇ ಕಣ್ಣು ಇಟ್ಟರು. ಒಂದೇ ಗುಂಡನ್ನು ಎರಡು ಸಲ ಅಳೆದು, ಎರಡೂ ಹೊಂದದಿದ್ದರೆ ಈ ಹೊಡೆತ ನಂಬಬೇಡಿ ಅಂತ ಯಂತ್ರವೇ ಹೇಳುತ್ತದೆ. ತನ್ನ ಅಂಕಿಯ ಮೇಲೆ ತಾನೇ ಅನುಮಾನ ಪಡುವ ಯಂತ್ರ ಅಂದರೆ ನನಗೆ ಇಷ್ಟ.

ಬೆಳಕಿನ ಯಂತ್ರ ಇರುವವರು ಕೆಲವು ವಿಷಯ ನೋಡಿಕೊಳ್ಳಿ. ಬ್ಯಾರೆಲ್ ಬಾಯಿಂದ ಮೂರು ಮೀಟರಾದರೂ ದೂರ ಇಡಿ, ದೊಡ್ಡ ರೈಫಲ್ ಆದರೆ ನಾಲ್ಕು, ಐದು. ಹತ್ತಿರ ಇಟ್ಟರೆ ಬಾಯಿಂದ ಬರುವ ಅನಿಲ, ಸುಡದ ಮದ್ದಿನ ಚೂರು ಕಣ್ಣಿಗೆ ತಾಗಿ ಗಡಿಯಾರ ಶುರುವಾಗಿಬಿಡುತ್ತದೆ. ನಿಮ್ಮ ವೇಗದ ರೈಫಲ್‌ಗೆ ಇದ್ದಕ್ಕಿದ್ದ ಹಾಗೆ 340ರ ಹತ್ತಿರದ ಅಂಕಿ ಬಂತಾ? ಅದು ಗುಂಡಿನದ್ದಲ್ಲ, ಸದ್ದಿನ ವೇಗ. ಒಳಾಂಗಣದಲ್ಲಿ ಟ್ಯೂಬ್‌ಲೈಟ್ ಕೆಳಗೆ ಇಡಬೇಡಿ, ಅದು ನಮ್ಮ ಕಣ್ಣಿಗೆ ಕಾಣದ ಹಾಗೆ ಮಿನುಗುತ್ತದೆ, ಯಂತ್ರಕ್ಕೆ ಚೆನ್ನಾಗೇ ಕಾಣುತ್ತದೆ. ಅದರದ್ದೇ ಎಲ್‌ಇಡಿ ಅಥವಾ ಇನ್‌ಫ್ರಾರೆಡ್ ದೀಪದ ಸೆಟ್ ಬರುತ್ತದೆ, ಅದನ್ನು ಹಾಕಿ.

ಮತ್ತೆ ಯಂತ್ರಕ್ಕೇ ಗುಂಡು ಹೊಡೆಯುವುದು. ನಗಬೇಡಿ, ತುಂಬಾ ಯಂತ್ರಗಳು ಸಾಯುವುದು ಹೀಗೇ. ಸ್ಕೋಪ್ ಬ್ಯಾರೆಲ್‌ಗಿಂತ ನಾಲ್ಕೈದು ಸೆಂಟಿಮೀಟರ್ ಮೇಲೆ ಕೂತಿರುತ್ತದೆ. ಸ್ಕೋಪಿನಲ್ಲಿ ನೋಡಿದರೆ ದಾರಿ ಖಾಲಿ, ಯಂತ್ರ ಕೆಳಗಿದೆ. ಆದರೆ ನಾಲ್ಕು ಮೀಟರ್ ದೂರದಲ್ಲಿ ಗುಂಡು ಇನ್ನೂ ನಿಮ್ಮ ನೋಟದ ಗೆರೆಯಿಂದ ಅಷ್ಟೇ ಕೆಳಗೆ ಹೋಗುತ್ತಿರುತ್ತದೆ. ಬಂದೂಕು ಖಾಲಿ ಇದೆ ಅಂತ ಎರಡು ಸಲ ನೋಡಿ, ಬೋಲ್ಟ್ ಹೊರಗೆ ತೆಗೆದು, ಬ್ಯಾರೆಲ್ ಒಳಗಿಂದಲೇ ಕಣ್ಣಿಟ್ಟು ಸಾಲು ಹೊಂದಿಸಿ. ಎರಡು ನಿಮಿಷದ ಕೆಲಸ.

ಬ್ಯಾರೆಲ್‌ಗೇ ಕಟ್ಟುವ ಮ್ಯಾಗ್ನೆಟೋಸ್ಪೀಡ್ ಥರದ್ದಕ್ಕೆ ಬೆಳಕಿನ ರಗಳೆ ಇಲ್ಲ. ಬ್ಯಾಗಿನಲ್ಲಿ ಹಿಡಿಯುತ್ತದೆ, ಅಂಕಿ ಚೆನ್ನಾಗಿ ಕೊಡುತ್ತದೆ. ಆದರೆ ಬ್ಯಾರೆಲ್ ತುದಿಗೆ ತೂಕ ನೇತುಹಾಕಿದ ಮೇಲೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ವೇಗ ಒಂದು ಸಲ, ಗ್ರೂಪ್ ಇನ್ನೊಂದು ಸಲ ಹೊಡೆಯಬೇಕು. ಕಾಡತೂಸು ಎರಡರಷ್ಟು ಖರ್ಚು, ಆ ಲೆಕ್ಕ ಯಾರೂ ಹಾಕಿರುವುದಿಲ್ಲ.

ರಾಡಾರ್ ಬಂದ ಮೇಲೆ ಈ ತಾಪತ್ರಯ ಮುಗಿಯಿತು ಅನ್ನಿ. ಮೊದಲು ಲ್ಯಾಬ್‌ರಾಡಾರ್, ಆಮೇಲೆ 2023ರಲ್ಲಿ ಗಾರ್ಮಿನ್‌ನ ಅಂಗೈ ಅಗಲದ ಝೀರೋ ಸಿ1 ಪ್ರೊ. ಬಂದೂಕಿನ ಪಕ್ಕದಲ್ಲಿ ಇಟ್ಟರೆ ಆಯಿತು. ಅಲೆ ಕಳಿಸುತ್ತದೆ, ಓಡುತ್ತಿರುವ ಗುಂಡಿಗೆ ಬಡಿದು ವಾಪಸ್ ಬಂದ ಅಲೆಯ ಆವರ್ತನ ಎಷ್ಟು ಬದಲಾಗಿದೆ ನೋಡುತ್ತದೆ, ಗುಂಡು ಮುಂದೆ ಹೋಗುತ್ತಿರುವಾಗ ಮತ್ತೆ ಮತ್ತೆ ಅಳೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಬ್ಯಾರೆಲ್ ಬಾಯಿಯ ವೇಗ ಹೇಳುತ್ತದೆ. ಬೆಳಕಿನ ಯಂತ್ರ ಹೇಳುವುದು ಅದು ನಿಂತಿರುವ ಜಾಗದ ವೇಗ. ಸಾಮಾನ್ಯ ರೈಫಲ್ ಗುಂಡು ಒಂದೊಂದು ಮೀಟರ್ ದೂರಕ್ಕೂ ಸೆಕೆಂಡಿಗೆ ಅರ್ಧ, ಮುಕ್ಕಾಲು ಮೀಟರ್ ವೇಗ ಕಳೆದುಕೊಳ್ಳುತ್ತದೆ. ಹಾಗಾಗಿ ನಿಮ್ಮ ಸ್ನೇಹಿತರ ರಾಡಾರ್ ನಿಮ್ಮದಕ್ಕಿಂತ 3 ಮೀಟರ್ ಜಾಸ್ತಿ ತೋರಿಸಿದರೆ ಜಗಳ ಬೇಡ, ಇಬ್ಬರದೂ ಸರಿ ಇರಬಹುದು. ರಾಡಾರಿಗೂ ತೊಂದರೆ ಇಲ್ಲದಿಲ್ಲ. ಪಕ್ಕದ ಬೆಂಚಿನವರು ಹೊಡೆದ ಗುಂಡು ನಿಮ್ಮ ಪಟ್ಟಿಗೆ ಸೇರಿಬಿಡಬಹುದು. ಹಾಗೆ ಸೇರಿದ್ದನ್ನು ಅಲ್ಲೇ ಅಳಿಸಿ. ಆದರೆ ಚೆನ್ನಾಗಿ ಬರಲಿಲ್ಲ ಅಂತ ನಿಮ್ಮದೇ ಗುಂಡಿನ ಅಂಕಿ ಅಳಿಸಬೇಡಿ, ಅದು ಶುದ್ಧ ಕಳ್ಳಾಟ.

ಏರ್ ರೈಫಲ್‌ನವರಿಗೆ ಒಂದು ಬಿಟ್ಟಿ ಉಪಾಯ ಇದೆ. ಫೋನಿನಲ್ಲಿ ಸದ್ದು ರೆಕಾರ್ಡ್ ಮಾಡಿ. ಹೊಡೆದ ಸದ್ದು ಒಂದು, ಪೆಲೆಟ್ ಹಿಂದಿನ ತಗಡಿಗೆ ಬಡಿದ ಸದ್ದು ಇನ್ನೊಂದು. ಫೋನನ್ನು ಸರಿಯಾಗಿ ನಡುವೆ, ಪೆಲೆಟ್ ಹೋಗುವ ದಾರಿಯಿಂದ ಸ್ವಲ್ಪ ಪಕ್ಕಕ್ಕೆ ಇಡಿ. ಆಗ ಎರಡು ಸದ್ದೂ ಅಷ್ಟೇ ತಡವಾಗಿ ಫೋನಿಗೆ ಬರುತ್ತವೆ, ಆ ತಡ ಒಂದಕ್ಕೊಂದು ಕಳೆದುಹೋಗುತ್ತದೆ, ಉಳಿಯುವುದು ಪೆಲೆಟ್ ಓಡಿದ ಸಮಯ. ಹತ್ತು ಮೀಟರಿಗೆ 57 ಮಿಲಿಸೆಕೆಂಡ್ ಬಂದರೆ ಸರಾಸರಿ ವೇಗ 175. ಚೊಕ್ಕವಾಗಿದೆ ಅಲ್ವಾ?

ನಿಜ ಹೇಳಬೇಕೆಂದರೆ ಕ್ರೋನೋಗ್ರಾಫ್ ತನ್ನ ದುಡ್ಡು ವಾಪಸ್ ಕೊಡುವುದು ಏರ್ ರೈಫಲ್‌ಗೇ. ಪಿಸಿಪಿ ಅಂದರೆ ಸಿಲಿಂಡರಿನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವ ಏರ್ ರೈಫಲ್, ರೆಗ್ಯುಲೇಟರ್ ಅಂದರೆ ಹೊಡೆತಕ್ಕೆ ಹೋಗುವ ಗಾಳಿಯ ಒತ್ತಡ ಸಮವಾಗಿ ಇಡುವ ಭಾಗ. ರೆಗ್ಯುಲೇಟರ್ ಇಲ್ಲದ ಪಿಸಿಪಿಯಲ್ಲಿ ಸಿಲಿಂಡರ್ ತುಂಬಿದ್ದಾಗ ವೇಗ ಸ್ವಲ್ಪ ಕಡಿಮೆ, ಒತ್ತಡ ಇಳಿದ ಹಾಗೆ ವೇಗ ಏರುತ್ತದೆ, ಒಂದಷ್ಟು ಹೊಡೆತ ಸಮವಾಗಿ ಇರುತ್ತದೆ, ಆಮೇಲೆ ಇಳಿಯುತ್ತದೆ. ಆ ಸಮವಾದ ಭಾಗ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಗೊತ್ತಾದರೆ ಎಷ್ಟು ಒತ್ತಡಕ್ಕೆ ತುಂಬಬೇಕು, ಎಷ್ಟಕ್ಕೆ ನಿಲ್ಲಿಸಬೇಕು ಅಂತ ಗೊತ್ತಾಗುತ್ತದೆ. ರೆಗ್ಯುಲೇಟರ್ ಇದ್ದು, ವೇಗ ದಿನದಿಂದ ದಿನಕ್ಕೆ ಏರುತ್ತಲೋ ಇಳಿಯುತ್ತಲೋ ಇದ್ದರೆ ಅದನ್ನು ಬಿಚ್ಚಿಸಿ ನೋಡುವ ಹೊತ್ತಾಯಿತು. ಗುರಿಹಲಗೆ ಇದನ್ನೆಲ್ಲ ತಡವಾಗಿ ಹೇಳುತ್ತದೆ, ಅಷ್ಟರಲ್ಲಿ ನೀವು ನಿಮ್ಮ ಟ್ರಿಗರ್ ಬೆರಳನ್ನು ಬೈದು ಮುಗಿಸಿರುತ್ತೀರಿ.

ಕಾಡತೂಸು ತಾವೇ ತುಂಬುವವರಿಗೆ ಒಂದೇ ಮಾತು. ನಿಮ್ಮ ಬ್ಯಾರೆಲ್ ಉದ್ದ ಲೆಕ್ಕಕ್ಕೆ ಹಿಡಿದ ಮೇಲೂ ಕೈಪಿಡಿಯ ಗರಿಷ್ಠ ವೇಗಕ್ಕಿಂತ ಜಾಸ್ತಿ ಬರುತ್ತಿದ್ದರೆ ಖುಷಿ ಪಡಬೇಡಿ. ಆ ವೇಗ ಒತ್ತಡದಿಂದಲೇ ಬಂದಿರುವುದು. ಅಲ್ಲೇ ನಿಲ್ಲಿಸಿ.

ಯಾವುದು ತಗೋಬೇಕು? ಬಯಲಿನಲ್ಲಿ ಹೊಡೆಯುವವರು, ಬಜೆಟ್ ಕಡಿಮೆ, ಬೆಳಕಿನದ್ದು ಸಾಕು, ಕಣ್ಣುಗಳ ಅಂತರ ಜಾಸ್ತಿ ಇರುವುದು ನೋಡಿ. ಬೇರೆಯವರ ಜೊತೆ ರೇಂಜಿನಲ್ಲಿ ಹೊಡೆಯುವವರು ರಾಡಾರಿಗೆ ಹೋಗಿ. ಅಲ್ಲಿ ನಿಮ್ಮ ಸ್ಟ್ಯಾಂಡ್ ನೆಡಲು ಎಲ್ಲರ ಹೊಡೆತ ನಿಲ್ಲಿಸಿ ಮುಂದೆ ನಡೆದು ಹೋಗುವುದಿದೆಯಲ್ಲ, ಆ ಮುಜುಗರ ತಪ್ಪುವುದಕ್ಕೇ ಅರ್ಧ ದುಡ್ಡು. ಬ್ಯಾರೆಲ್‌ಗೆ ಕಟ್ಟುವುದು ಆಗಲೇ ಇದ್ದರೆ ಬದಲಾಯಿಸುವ ಅಗತ್ಯ ಇಲ್ಲ. ಮತ್ತೆ ಯಾವುದೇ ಇರಲಿ, ಅಂಕಿಯ ಪಕ್ಕದಲ್ಲಿ ಆ ದಿನದ ತಾಪಮಾನ ಬರೆದಿಡಿ. ಚಳಿಯಲ್ಲಿ ಮದ್ದು ಉರಿಯುವ ರೀತಿ ಬೇರೆ, ಬಿಸಿಲಿನಲ್ಲಿ ಕಾದ ಕಾಡತೂಸು ಉರಿಯುವ ರೀತಿ ಬೇರೆ.

ಮುಂದಿನ ಸಲ ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಮಾತಾಡೋಣ ಅಂತಿದ್ದೇನೆ. ಕಳಿಸಿ. ಸರಾಸರಿ ಬೇಡ, ಎಸ್‌ಡಿ ಬೇಡ, ಹೊಡೆದ ಕ್ರಮದಲ್ಲೇ ಒಂದೊಂದು ಅಂಕಿಯೂ ಇರಲಿ, ಇಪ್ಪತ್ತಕ್ಕೆ ಕಡಿಮೆ ಇದ್ದರೆ ನಾನು ಓದುವುದಿಲ್ಲ.