ಗ್ಯಾಸ್ ತುಂಬುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಅಡುಗೆಮನೆಗಳಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಸೆಲ್ಸಿಯಸ್ ಮುಟ್ಟುವುದೇ ಇಲ್ಲ. ಸುಮಾರು 97 ಡಿಗ್ರಿಗೇ ಕುದಿಯತೊಡಗುತ್ತದೆ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಒತ್ತಡ ಮಂಗಳೂರಿನದಕ್ಕಿಂತ ಹತ್ತರಲ್ಲಿ ಒಂದು ಪಾಲಿನಷ್ಟು ಕಡಿಮೆ, ಮತ್ತು ಒತ್ತಡ ಇಳಿದಷ್ಟೂ ನೀರು ಕಡಿಮೆ ಬಿಸಿಯಲ್ಲೇ ಆವಿಯಾಗುತ್ತದೆ. ಎ.ಸಿ. ಮತ್ತು ಫ್ರಿಜ್ ದುರಸ್ತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆಗಣಿಸಲಾಗುವ ಕೆಲಸವೊಂದು ಇದೇ ತತ್ತ್ವದ ಮೇಲೆ ನಿಂತಿದೆ. ಯಂತ್ರದ ಕೊಳವೆಗಳಿಗೆ ಗ್ಯಾಸ್ ತುಂಬುವ ಮುನ್ನ ಅವುಗಳ ಒಳಗಿನ ಗಾಳಿಯನ್ನು ಪಂಪಿನಿಂದ ಎಳೆದು ತೆಗೆಯಬೇಕು. ಅಲ್ಲಿ ಅಡಗಿದ ತೇವ ಕೋಣೆಯ ಉಷ್ಣಾಂಶದಲ್ಲೇ ಕುದಿದು ಹೊರಬೀಳುವಷ್ಟು ಒತ್ತಡವನ್ನು ಇಳಿಸಬೇಕು. ವೃತ್ತಿಯವರು ಇದನ್ನು ವ್ಯಾಕ್ಯೂಮ್ ಮಾಡುವುದು ಎನ್ನುತ್ತಾರೆ.

ಈ ನಗರದ ಒಂದು ಕೈಗಾರಿಕಾ ತರಬೇತಿ ಸಂಸ್ಥೆಯಲ್ಲಿ ಶೈತ್ಯೀಕರಣ ಮತ್ತು ಹವಾನಿಯಂತ್ರಣದ ಕಸುಬನ್ನು ಬಹಳ ವರ್ಷ ಕಲಿಸಿದವನು ನಾನು. ಪ್ರತಿ ತಂಡದಲ್ಲೂ ಯಾರಾದರೊಬ್ಬ ವಿದ್ಯಾರ್ಥಿ ಗೇಜನ್ನು ಹಿಡಿದುಕೊಂಡು ಬಂದು, ಪಂಪು ಕೆಟ್ಟಿದೆ ಎಂದು ದೂರುತ್ತಿದ್ದ. ಗೇಜಿನ ಮುಖದ ಮೇಲೆ ನಿರ್ವಾತದ ಅಂಕಿ 30 ಅಂಗುಲದವರೆಗೆ ಬರೆದಿರುತ್ತದೆ, ಆದರೆ ಮುಳ್ಳು 27ರ ಹತ್ತಿರ ಬಂದು ನಿಂತುಬಿಡುತ್ತದೆ. ಪಂಪು ಕೆಟ್ಟಿರುವುದಿಲ್ಲ, ಬೆಂಗಳೂರಿನ ಗಾಳಿಯ ಪೂರ್ಣ ಒತ್ತಡವೇ ಪಾದರಸದ ಅಳತೆಯಲ್ಲಿ 27 ಅಂಗುಲಕ್ಕೆ ಸಮೀಪವಾದ್ದರಿಂದ ಮುಳ್ಳಿಗೆ ಅದಕ್ಕಿಂತ ಮುಂದೆ ಹೋಗಲು ದಾರಿಯೇ ಇಲ್ಲ. ಇದನ್ನು ವಿವರಿಸಿದ ಮೇಲೆ ನಾನು ಇನ್ನೂ ದೊಡ್ಡ ಮಾತೊಂದನ್ನು ಹೇಳುತ್ತಿದ್ದೆ. ಒಳ್ಳೆಯ ವ್ಯಾಕ್ಯೂಮ್ ಎಂದರೆ 500 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ, ಅಂದರೆ ಪಾದರಸದ ಅರ್ಧ ಮಿಲಿಮೀಟರ್, ಅಂದರೆ ಒಂದು ಅಂಗುಲದ ಐವತ್ತನೆಯ ಒಂದು ಭಾಗ. ಆ ಮುಳ್ಳಿನ ಗೇಜು ಅಷ್ಟು ಸೂಕ್ಷ್ಮವನ್ನು ತೋರಿಸಲಾರದು. ಅದಕ್ಕೆ ಮೈಕ್ರಾನ್ ಗೇಜೇ ಬೇಕು.

ತೇವ ಉಳಿದರೆ ಏನಾಗುತ್ತದೆ ಎಂಬುದು ಅಂದೇ ಗೊತ್ತಾಗುವುದಿಲ್ಲ. ಯಂತ್ರ ಚಾಲೂ ಆಗುತ್ತದೆ, ತಂಪು ಗಾಳಿ ಬರುತ್ತದೆ, ಮನೆಯವರು ಹಣ ಕೊಡುತ್ತಾರೆ. ಈಚಿನ ಎ.ಸಿ.ಗಳಲ್ಲಿ ಹೆಚ್ಚಾಗಿ ಬಳಸುವ ಎಸ್ಟರ್ ಜಾತಿಯ ಎಣ್ಣೆ ಮಾತ್ರ ನೀರನ್ನು ಬಹುಬೇಗ ಹೀರಿಕೊಳ್ಳುತ್ತದೆ. ಕಂಪ್ರೆಸರಿನ ಬಿಸಿಯಲ್ಲಿ ಆ ನೀರು, ಎಣ್ಣೆ ಮತ್ತು ಶೀತಕ, ಅಂದರೆ ಯಂತ್ರಕ್ಕೆ ತುಂಬುವ ಗ್ಯಾಸ್, ಸೇರಿ ಆಮ್ಲ ಹುಟ್ಟುತ್ತದೆ. ಆಮ್ಲ ಮೋಟಾರಿನ ತಂತಿಯ ಹೊದಿಕೆಯನ್ನು ತಿನ್ನುತ್ತದೆ. ಮುಂದೊಂದು ಬೇಸಿಗೆಯಲ್ಲಿ ಕಂಪ್ರೆಸರ್ ಸುಟ್ಟಾಗ ಎಲ್ಲರೂ ವಿದ್ಯುತ್ತಿನ ಏರಿಳಿತವನ್ನು ದೂರುತ್ತಾರೆಯೇ ಹೊರತು, ಯಂತ್ರ ಕೂಡಿಸಿದ ದಿನ ಉಳಿಸಿಕೊಂಡ ಇಪ್ಪತ್ತು ನಿಮಿಷವನ್ನು ಯಾರೂ ನೆನೆಯುವುದಿಲ್ಲ.

ನಾನು ಕಲಿತದ್ದಾದರೂ ಸರಿಯಾಗಿ ಅಲ್ಲ. ನಾನು ವಿದ್ಯಾರ್ಥಿಯಾಗಿದ್ದಾಗ ಆರ್-12 ಎಂಬ ಶೀತಕ ತುಂಬಿದ ಫ್ರಿಜ್ಜನ್ನು ಬಿಚ್ಚುವ ಮೊದಲು ಅದನ್ನು ಅಂಗಳಕ್ಕೆ ಒಯ್ದು, ಕೊಳವೆ ಕತ್ತರಿಸಿ, ಸುಯ್ಯೆನ್ನುವ ಶಬ್ದ ನಿಲ್ಲುವವರೆಗೆ ಕಾಯುವುದೇ ಪಾಠವಾಗಿತ್ತು. ಆ ಅನಿಲದ ಒಂದು ಕಿಲೋ, ನೂರು ವರ್ಷಗಳ ಲೆಕ್ಕದಲ್ಲಿ, ಹತ್ತು ಸಾವಿರ ಕಿಲೋ ಇಂಗಾಲದ ಡೈಆಕ್ಸೈಡಿಗಿಂತ ಹೆಚ್ಚು ಶಾಖವನ್ನು ಹಿಡಿದಿಡುತ್ತದೆ ಎಂಬುದಾಗಲಿ, ಅದು ಓಝೋನ್ ಪದರವನ್ನು ಕೊರೆಯುತ್ತದೆ ಎಂಬುದಾಗಲಿ ನಮಗೆ ಗೊತ್ತಿರಲಿಲ್ಲ. ನಾನೇ ಎಷ್ಟು ಕಿಲೋ ಹೊರಬಿಟ್ಟಿದ್ದೇನೆ ಎಂದು ಈಗ ಲೆಕ್ಕ ಹಾಕಲು ಹೋದರೆ ಮನಸ್ಸಿಗೆ ನೋವಾಗುತ್ತದೆ.

1987ರ ಸೆಪ್ಟೆಂಬರ್ 16ರಂದು, ಓಝೋನ್ ಪದರವನ್ನು ಉಳಿಸಲು ದೇಶಗಳು ಮಾಡಿಕೊಂಡ ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು, ಭಾರತ 1992ರಲ್ಲಿ ಅದನ್ನು ಸೇರಿತು. ಆರ್-12 ಹೋಯಿತು, ಬಹುಕಾಲ ಎ.ಸಿ.ಗಳಲ್ಲಿ ತುಂಬಿದ ಆರ್-22 ಈಗ ಹೋಗುತ್ತಿದೆ. 2030ರ ನಂತರ ಹಳೆಯ ಯಂತ್ರಗಳ ದುರಸ್ತಿಗೆ ಅತ್ಯಲ್ಪ ಪ್ರಮಾಣ ಮಾತ್ರ ಉಳಿಯುತ್ತದೆ. ಓಝೋನಿಗೆ ಹಾನಿ ಮಾಡದ, ಆದರೆ ಭೂಮಿಯ ತಾಪ ಹೆಚ್ಚಿಸುವ ಆರ್-410ಎ, ಆರ್-134ಎ ಮೊದಲಾದವನ್ನು ಇಳಿಸಲು 2016ರಲ್ಲಿ ಅದೇ ಒಪ್ಪಂದಕ್ಕೆ ಕಿಗಾಲಿ ತಿದ್ದುಪಡಿ ಬಂತು. ಭಾರತ 2021ರಲ್ಲಿ ಅದನ್ನು ಒಪ್ಪಿಕೊಂಡಿದ್ದು, 2032ರಿಂದ ಹಂತಹಂತವಾಗಿ ಇಳಿಸುತ್ತ 2047ರ ಹೊತ್ತಿಗೆ ಶೇಕಡಾ 85ರಷ್ಟು ಕಡಿತವಾಗಬೇಕು. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಭಾರತ ತಂಪುಗೊಳಿಸುವಿಕೆ ಕ್ರಿಯಾ ಯೋಜನೆಯಲ್ಲಿ ಒಂದು ಲಕ್ಷ ದುರಸ್ತಿ ತಂತ್ರಜ್ಞರಿಗೆ ತರಬೇತಿ ಮತ್ತು ಪ್ರಮಾಣಪತ್ರ ನೀಡುವ ಗುರಿಯನ್ನೂ ಸೇರಿಸಿದ್ದಕ್ಕೆ ಕಾರಣವಿದೆ. ದೊಡ್ಡ ಒಪ್ಪಂದಗಳ ಅಂಕಿಗಳು ಕೊನೆಗೆ ಈಡೇರಬೇಕಾದದ್ದು ಬಾಲ್ಕನಿಯ ಹೊರಗೆ ಸ್ಪ್ಯಾನರ್ ಹಿಡಿದು ನಿಂತ ಹುಡುಗನ ಕೈಯಲ್ಲಿ.

ಇಲ್ಲಿ ನಮ್ಮ ಮಾತಿನಲ್ಲೇ ಒಂದು ತಪ್ಪು ಸೇರಿಕೊಂಡಿದೆ. ಅಡುಗೆ ಸಿಲಿಂಡರ್ ಖಾಲಿಯಾಗುವಂತೆ ಎ.ಸಿ.ಯಲ್ಲೂ ಗ್ಯಾಸ್ ಖಾಲಿಯಾಗುತ್ತದೆ ಎಂದು ನಾವು ಹೇಳುತ್ತೇವೆ. ಅಡುಗೆ ಅನಿಲ ಉರಿದು ಮುಗಿಯುತ್ತದೆ, ಎ.ಸಿ.ಯ ಶೀತಕ ಮುಚ್ಚಿದ ಕೊಳವೆಗಳಲ್ಲಿ ದ್ರವವಾಗಿ, ಆವಿಯಾಗಿ ಸುತ್ತುತ್ತಲೇ ಇರುತ್ತದೆ. ಅದು ಕಡಿಮೆಯಾಗಿದೆಯೆಂದರೆ ಎಲ್ಲೋ ಸೋರಿದೆ ಎಂದೇ ಅರ್ಥ. ಸೋರಿಕೆಯನ್ನು ಹುಡುಕದೆ ಪ್ರತಿ ಬೇಸಿಗೆಯಲ್ಲೂ ಗ್ಯಾಸ್ ತುಂಬುವುದೆಂದರೆ ತೂತಾದ ಕೊಡಕ್ಕೆ ನೀರು ಸುರಿದಂತೆ. ತರಬೇತಿಯ ಮೊದಲ ವಾರದಲ್ಲೇ ಈ ಮಾತನ್ನು ಹೇಳಿಕೊಡಬೇಕೆಂದು ನಾನು ಒತ್ತಾಯಿಸುತ್ತೇನೆ, ಏಕೆಂದರೆ ಅದನ್ನು ನಂಬದ ವಿದ್ಯಾರ್ಥಿಗೆ ಮುಂದಿನ ಯಾವ ಶಿಸ್ತೂ ಅನಗತ್ಯ ಕಷ್ಟವಾಗಿ ಕಾಣುತ್ತದೆ.

ಐ.ಟಿ.ಐ.ಗಳ ಎರಡು ವರ್ಷದ ಪಠ್ಯಕ್ರಮದಲ್ಲಿ ಈ ವಿಷಯಗಳು ಇವೆ. ಕೊರತೆ ಪಠ್ಯದ್ದಲ್ಲ, ಕೈಗೆ ಸಿಗುವ ಅವಕಾಶದ್ದು ಮತ್ತು ಪರೀಕ್ಷೆಯದ್ದು. ಶೀತಕವನ್ನು ಹೊರಬಿಡದೆ ಸಿಲಿಂಡರಿಗೆ ಮರಳಿ ಸೆಳೆದುಕೊಳ್ಳುವ ರಿಕವರಿ ಯಂತ್ರ ಒಂದೇ ಇದ್ದು, ಇಪ್ಪತ್ತಕ್ಕೂ ಹೆಚ್ಚು ಮಂದಿ ಸುತ್ತ ನಿಂತು ಬೋಧಕರು ಮಾಡುವುದನ್ನು ನೋಡಿದರೆ ಅದು ಪ್ರದರ್ಶನವಾಯಿತೇ ಹೊರತು ತರಬೇತಿಯಾಗಲಿಲ್ಲ. ಪರೀಕ್ಷೆಯ ದಿನ ಯಂತ್ರ ತಂಪು ಕೊಟ್ಟರೆ ಅಂಕ ಸಿಗುತ್ತದೆ. ತಂಪು ಬರುವುದನ್ನೇ ಕೆಲಸದ ಅಳತೆಯಾಗಿ ಇಟ್ಟುಕೊಂಡಿರುವವರೆಗೆ ಒಳ್ಳೆಯ ಪದ್ಧತಿ ಬೇರೂರುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪರೀಕ್ಷಕರು ಕೇಳಬೇಕಾದದ್ದು ಅಂಕಿಗಳನ್ನು: ಎಷ್ಟು ಗ್ರಾಂ ಹೊರತೆಗೆದೆ, ಎಷ್ಟು ಒತ್ತಡದ ಸಾರಜನಕದಲ್ಲಿ ಸೋರಿಕೆ ನೋಡಿದೆ, ಎಷ್ಟು ಮೈಕ್ರಾನಿಗೆ ಇಳಿಸಿದೆ, ಯಂತ್ರದ ಪಟ್ಟಿಯಲ್ಲಿ ಬರೆದ ತೂಕಕ್ಕೆ ಸರಿಯಾಗಿ ಎಷ್ಟು ಗ್ರಾಂ ತುಂಬಿದೆ. ಮರಳಿ ಪಡೆದ ಶೀತಕದ ಸಿಲಿಂಡರನ್ನು ಶೇಕಡಾ 80ಕ್ಕಿಂತ ಹೆಚ್ಚು ತುಂಬಿದ ವಿದ್ಯಾರ್ಥಿ, ಎ.ಸಿ. ಎಷ್ಟೇ ತಂಪಾಗಿದ್ದರೂ, ಅಂದು ತೇರ್ಗಡೆಯಾಗಬಾರದು. ಬಿಸಿಲಿನಲ್ಲಿ ದ್ರವ ಹಿಗ್ಗಿದಾಗ ಅಂಥ ಸಿಲಿಂಡರ್ ಸಿಡಿಯಬಲ್ಲದು.

ಕಣ್ಣಿಗೆ ಕಂಡದ್ದನ್ನು ಕೈ ಮರೆಯುವುದಿಲ್ಲ ಎಂಬುದಕ್ಕೆ ನನ್ನ ತರಗತಿಯ ಒಂದು ಅಭ್ಯಾಸವನ್ನು ಹೇಳುತ್ತೇನೆ. ಎರಡು ತಾಮ್ರದ ಕೊಳವೆಗಳಿಗೆ ಬ್ರೇಜಿಂಗ್, ಅಂದರೆ ಬೆಂಕಿಯಲ್ಲಿ ಬೇರೆ ಲೋಹ ಕರಗಿಸಿ ಬೆಸೆಯುವ ಕೆಲಸ, ಮಾಡಿಸುತ್ತಿದ್ದೆವು, ಒಂದನ್ನು ಹಾಗೆಯೇ, ಇನ್ನೊಂದನ್ನು ಒಳಗೆ ಸಾರಜನಕವನ್ನು ಮೆಲ್ಲಗೆ ಹರಿಸುತ್ತ. ಆರಿದ ಮೇಲೆ ಎರಡನ್ನೂ ಗರಗಸದಿಂದ ಉದ್ದಕ್ಕೆ ಸೀಳಿಸುತ್ತಿದ್ದೆವು. ಸಾರಜನಕ ಹರಿದದ್ದು ಒಳಗೆ ಹೊಸ ತಾಮ್ರದಂತೆ ಹೊಳೆಯುತ್ತಿತ್ತು. ಇನ್ನೊಂದರಲ್ಲಿ ಕಪ್ಪು ಹೊಟ್ಟು ಎದ್ದಿರುತ್ತಿತ್ತು, ಉಗುರಿನಿಂದ ಕೆರೆದರೆ ಉದುರುತ್ತಿತ್ತು. ಆ ಹೊಟ್ಟೇ ಮುಂದೆ ಶೀತಕ ಹಾಯುವ ಕ್ಯಾಪಿಲರಿ ಎಂಬ ತೆಳು ಕೊಳವೆಯ ಸಣ್ಣ ಬಾಯಿಯನ್ನು ಕಟ್ಟುತ್ತದೆ. ಅದೇ ದಿನ ಇನ್ನೊಂದು ಎಚ್ಚರಿಕೆಯನ್ನೂ ತಪ್ಪದೆ ಹೇಳುತ್ತಿದ್ದೆ: ಸಾರಜನಕ ಸಿಗಲಿಲ್ಲವೆಂದು ಆಮ್ಲಜನಕದಿಂದ ಎಂದೂ ಒತ್ತಡ ಕೊಡಬೇಡಿ, ಕಂಪ್ರೆಸರಿನ ಎಣ್ಣೆಗೆ ಆಮ್ಲಜನಕ ತಗುಲಿದರೆ ಸ್ಫೋಟವಾಗುತ್ತದೆ.

ಹೊಸ ಶೀತಕಗಳು ಈ ಶಿಸ್ತನ್ನು ಇನ್ನಷ್ಟು ಅಗತ್ಯಗೊಳಿಸಿವೆ. ಈಗ ಹೆಚ್ಚು ಮಾರಾಟವಾಗುವ ಎ.ಸಿ.ಗಳಲ್ಲಿರುವ ಆರ್-32 ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವಂಥದ್ದು. ಆರ್-290 ಎಂದರೆ ಪ್ರೊಪೇನ್. ಭೂಮಿಯ ತಾಪಕ್ಕೆ ಅದರಿಂದ ಬಹಳ ಕಡಿಮೆ ಹಾನಿ, ಆದರೆ ಗಾಳಿಯಲ್ಲಿ ಶೇಕಡಾ 2ರಷ್ಟು ಸೇರಿದರೂ ಕಿಡಿ ತಗುಲಿದಾಗ ಹೊತ್ತಿಕೊಳ್ಳುತ್ತದೆ, ಗಾಳಿಗಿಂತ ಭಾರವಾದ್ದರಿಂದ ನೆಲದ ಮಟ್ಟದಲ್ಲೇ ಶೇಖರವಾಗುತ್ತದೆ. ಅಡುಗೆ ಅನಿಲಕ್ಕೆ ವಾಸನೆ ಬೆರೆಸಿರುತ್ತಾರೆ, ಶೀತಕವಾಗಿ ಬಳಸುವ ಪ್ರೊಪೇನಿಗೆ ಆ ವಾಸನೆ ಇರುವುದಿಲ್ಲ, ಆದ್ದರಿಂದ ಮೂಗನ್ನು ನಂಬಿ ಕೆಲಸ ಮಾಡಲಾಗದು. ಕಿಟಕಿ ತೆರೆಯುವುದು, ಸೋರಿಕೆ ಸೂಚಕವನ್ನು ನೆಲದ ಹತ್ತಿರ ಇಡುವುದು, ಕೊಳವೆಯಲ್ಲಿ ಅನಿಲವಿರುವಾಗ ಬ್ರೇಜಿಂಗ್ ಟಾರ್ಚ್ ಹಚ್ಚದಿರುವುದು ಇವೆಲ್ಲ ಯೋಚಿಸದೆಯೇ ನಡೆಯುವ ಅಭ್ಯಾಸಗಳಾಗಬೇಕು.

ಐ.ಟಿ.ಐ. ಮೆಟ್ಟಿಲು ಹತ್ತದೆ, ಅಂಗಡಿಯಲ್ಲಿ ಹಿರಿಯ ಮೆಕ್ಯಾನಿಕ್ ಜೊತೆ ಸಹಾಯಕರಾಗಿ ನಿಂತು ಕಲಿತವರು ಈ ಊರಿನಲ್ಲಿ ಬಹಳ ಮಂದಿ ಇದ್ದಾರೆ. ಅವರ ಕೈಚಳಕ ಕಡಿಮೆಯದಲ್ಲ, ಶಬ್ದ ಕೇಳಿಯೇ ಕಂಪ್ರೆಸರಿನ ದೋಷ ಹೇಳುವವರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಪೂರ್ವ ಕಲಿಕೆಯನ್ನು ಗುರುತಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯಿದೆ. ಒಂದು ದಿನ ಕೂರಿಸಿ ಭಾಷಣ ಮಾಡಿ ಕಾಗದ ಕೊಟ್ಟರೆ ಮಾತ್ರ ಏನೂ ಬದಲಾಗದು. ತರಬೇತಿ ಕನ್ನಡದಲ್ಲಿರಬೇಕು, ತೂಕದ ಯಂತ್ರವೂ ಮೈಕ್ರಾನ್ ಗೇಜೂ ಪ್ರತಿಯೊಬ್ಬರ ಕೈಗೆ ಬರಬೇಕು, ಮತ್ತು ಮಾರ್ಚ್‌ನಿಂದ ಮೇವರೆಗೆ ಕರೆಗೆ ಇಷ್ಟೆಂದು ಕೂಲಿ ಎಣಿಸುವ ಮಾಲೀಕರು ವ್ಯಾಕ್ಯೂಮ್ ಮಾಡಲು ಬೇಕಾದ ಸಮಯಕ್ಕೂ ಹಣ ಕೊಡಬೇಕು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ.

ಕಳೆದ ಬೇಸಿಗೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ವೈಟ್‌ಫೀಲ್ಡಿನ ಒಂದು ಮನೆಯಿಂದ ಫೋನ್ ಮಾಡಿದ. ವ್ಯಾಕ್ಯೂಮ್ 450 ಮೈಕ್ರಾನಿಗೆ ಇಳಿದಿದೆ, ವಾಲ್ವ್ ಮುಚ್ಚಿ ಪಂಪು ನಿಲ್ಲಿಸಿದ್ದೇನೆ, ಹತ್ತು ನಿಮಿಷದಿಂದ ಅಂಕಿ ಏರುತ್ತಿದೆ ಸಾರ್ ಎಂದ. ಏರಿ ಎಲ್ಲಾದರೂ ನಿಂತಿತೇ ಎಂದು ಕೇಳಿದೆ. ನಿಂತರೆ ಒಳಗೆ ತೇವವಿದೆ, ನಿಲ್ಲದಿದ್ದರೆ ಸೋರಿಕೆಯಿದೆ. ಅವನು ಸ್ವಲ್ಪ ಹೊತ್ತು ನೋಡಿ, ನಿಲ್ಲುತ್ತಿಲ್ಲ ಸಾರ್, ಫ್ಲೇರ್ ಜಾಯಿಂಟ್ ಬಿಚ್ಚಿ ಹೊಸದಾಗಿ ಮಾಡ್ತೀನಿ, ಇನ್ನೂ ಒಂದು ಗಂಟೆ ಆಗುತ್ತೆ ಅಂತ ಮನೆಯವರಿಗೆ ಹೇಳ್ತೀನಿ ಎಂದು ಫೋನಿಟ್ಟ.