ಕವಿತೆಯೂ ಕಾವ್ಯವೂ

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಕವಿಗೋಷ್ಠಿಗಳಲ್ಲಿ ಓದು ಮುಗಿದ ಮೇಲೆ ಸಭಿಕರ ನಡುವೆ ಆಗಾಗ ಕೇಳಿಬರುವ ಮಾತೊಂದಿದೆ: "ಪದ್ಯವೇನೋ ಚೆನ್ನಾಗಿತ್ತು, ಆದರೆ ಅದರಲ್ಲಿ ಕಾವ್ಯ ಇರಲಿಲ್ಲ." ಈ ಮಾತು ಕಟುವಾಗಿ ಕೇಳಿಸಿದರೂ ಅದರ ಹಿಂದೆ ಸರಿಯಾದ ವಿವೇಚನೆಯಿದೆ. ಕವಿತೆ ಒಬ್ಬರು ಕಟ್ಟಿದ ಕೃತಿ. ಅದಕ್ಕೊಂದು ಆರಂಭವಿದೆ, ಮುಕ್ತಾಯವಿದೆ. ಕಾವ್ಯವಾದರೋ ಆ ಕೃತಿಯಲ್ಲಿ ಒದಗಬಹುದಾದ, ಒದಗದೆಯೂ ಹೋಗಬಹುದಾದ ಗುಣ. ಪಂಪನ ಮಹಾಕೃತಿಗಳನ್ನೂ ನಾವು ಕಾವ್ಯವೆಂದೇ ಕರೆಯುತ್ತೇವೆ, ನಿಜ. ಇಲ್ಲಿ ನಾನು ಹೇಳುತ್ತಿರುವುದು ಗುಣದ ವಿಷಯ.

ಛಂದಸ್ಸೊಂದರಿಂದಲೇ ಈ ಗುಣ ಬರುವುದಿಲ್ಲ. 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ವ್ಯಾಕರಣದ ಸೂತ್ರಗಳನ್ನು ಕಂದಪದ್ಯಗಳಲ್ಲಿ ಹೇಳಿದ್ದಾನೆ. ಕಂದಕ್ಕೆ ಬೇಕಾದ 12, 20, 12, 20 ಮಾತ್ರೆಗಳ ಲೆಕ್ಕವೂ ದ್ವಿತೀಯಾಕ್ಷರ ಪ್ರಾಸವೂ ಅಲ್ಲಿವೆ. ಬಾಯಿಪಾಠ ಮಾಡುವವರಿಗೆ ಅದರಿಂದ ಅನುಕೂಲವೂ ಆಗಿದೆ. ಆದರೂ ಸಂಧಿಯ ನಿಯಮ ಹೇಳುವ ಪದ್ಯವನ್ನು ಕಾವ್ಯವೆಂದು ಯಾರೂ ಸವಿಯುವುದಿಲ್ಲ.

ಇನ್ನು 12ನೆಯ ಶತಮಾನದ ಅಲ್ಲಮಪ್ರಭುವಿನ ವಚನವನ್ನು ನೋಡಿ. ಅದಕ್ಕೆ ಮಾತ್ರೆಗಳ ಕಟ್ಟುಪಾಡಿಲ್ಲ. "ಎತ್ತಣ ಮಾಮರ, ಎತ್ತಣ ಕೋಗಿಲೆ? ಎತ್ತಣಿಂದೆತ್ತ ಸಂಬಂಧವಯ್ಯಾ?" ಎಂದು ಆರಂಭವಾಗಿ, ಬೆಟ್ಟದ ಮೇಲಣ ನೆಲ್ಲಿಯ ಕಾಯಿಗೂ ಸಮುದ್ರದೊಳಗಣ ಉಪ್ಪಿಗೂ ಸಾಗಿ, ಕೊನೆಗೆ ಅಲ್ಲಮನ ಆರಾಧ್ಯ ಶಿವನಾದ ಗುಹೇಶ್ವರಲಿಂಗಕ್ಕೂ ಅಲ್ಲಮನಿಗೂ ಅದೇ ಪ್ರಶ್ನೆಯನ್ನು ಅನ್ವಯಿಸುತ್ತದೆ. ನೆಲ್ಲಿಯೂ ಉಪ್ಪೂ ಉಪ್ಪಿನಕಾಯಿಯ ಜಾಡಿಯಲ್ಲಿ ಕೂಡುತ್ತವೆಂದು ಅಲ್ಲಮ ಎಲ್ಲಿಯೂ ಹೇಳುವುದಿಲ್ಲ. ಅದು ನಮಗೇ ಹೊಳೆಯುತ್ತದೆ. ಕೋಗಿಲೆ ಮಾವಿನ ಮರವನ್ನು ಹುಡುಕಿ ಬರುವುದೂ ಹಾಗೆಯೇ, ಲಾಲ್‌ಬಾಗಿನಲ್ಲಿ ವಸಂತದ ಬೆಳಗ್ಗೆ ನಡೆದಾಡುವವರಿಗೆ ಗೊತ್ತಿರುವ ಸಂಗತಿ. ಹೇಳದೆ ಹೊಳೆಯಿಸುವ ಈ ಶಕ್ತಿಯನ್ನೇ ಕಾಶ್ಮೀರದ ಆನಂದವರ್ಧನನು 9ನೆಯ ಶತಮಾನದಲ್ಲಿ ಧ್ವನಿಯೆಂದು ಕರೆದು, ಅದೇ ಕಾವ್ಯದ ಆತ್ಮವೆಂದು ಸಾರಿದ್ದು. "ದೂರದಲ್ಲಿರುವವು ಒಂದುಗೂಡುತ್ತವೆ" ಎಂದು ವಚನದ ತಾತ್ಪರ್ಯ ಬರೆದುಕೊಂಡರೆ ಅರ್ಥವೇನೋ ಉಳಿಯುತ್ತದೆ, ಧ್ವನಿ ಹೋಗಿಬಿಡುತ್ತದೆ.

ಹಾಗೆಂದು, ಕಾವ್ಯವೇ ಮುಖ್ಯ, ಕವಿತೆ ಬರಿಯ ನೆಪ ಎನ್ನುವವರ ಮಾತನ್ನು ನಾನು ಒಪ್ಪಲಾರೆ. ಸಂಜೆಯ ಬೆಳಕಿನಲ್ಲಿ, ತಾಯಿಯ ಮಾತಿನಲ್ಲಿ ಕಾವ್ಯವಿದೆ ಎನ್ನುವುದು ಸುಲಭ; ಅಲ್ಲಿ ನಮಗಾದದ್ದು ಇನ್ನೊಬ್ಬರಿಗೂ ಆಗಬೇಕಾದರೆ ಯಾರಾದರೂ ಕುಳಿತು ಅದನ್ನು ಮಾತಿನಲ್ಲಿ ಕಟ್ಟಬೇಕು. ಬರೆಯಲು ತೊಡಗಿರುವ ತರುಣರು ಅಲ್ಲಮನ ಈ ವಚನವನ್ನು ಸಾಲುಗಳ ಕ್ರಮ ಬದಲಿಸಿ ಒಮ್ಮೆ ಗಟ್ಟಿಯಾಗಿ ಓದಿ ನೋಡಬೇಕೆಂಬುದು ನನ್ನ ಆಸೆ. ಗುಹೇಶ್ವರನ ಸಾಲನ್ನು ಮೊದಲಿಗೇ ತಂದರೆ, ಮಾವೂ ನೆಲ್ಲಿಯೂ ಮೊದಲೇ ತಿಳಿಸಿಬಿಟ್ಟ ತತ್ತ್ವವೊಂದಕ್ಕೆ ಕೊಟ್ಟ ಉದಾಹರಣೆಗಳಾಗಿಬಿಡುತ್ತವೆ. ಈಗಿರುವ ಕ್ರಮದಲ್ಲಾದರೆ, ಎರಡು ಸಲ ಪ್ರಶ್ನೆಗೆ ಒಳಗೊಳಗೇ ಉತ್ತರ ಕಂಡುಕೊಂಡ ಕೇಳುಗನು ಮೂರನೆಯ ಸಲಕ್ಕೆ ತನ್ನ ಬಗ್ಗೆಯೇ ಉತ್ತರಿಸಬೇಕಾಗುತ್ತದೆ.

ನಮಸ್ಕಾರ.