ಅಂಗಡಿ ಮುಂದಿನ ಆ ಆರು ಮೀಟರ್ ಜಾಗ

ಎಲ್ಲರಿಗೂ ನಮಸ್ಕಾರ.

ಸಂಜೆ ಹೊತ್ತು ಮೈಸೂರಿನ ದೇವರಾಜ ಅರಸು ರಸ್ತೆಗೆ ಗಾಡಿ ತಂದವರಿಗೆ ನಾನು ಯಾವ ಕಷ್ಟದ ಮಾತಾಡುತ್ತಿದ್ದೇನೆ ಅಂತ ಗೊತ್ತು. ಕನ್ನಡಕದ ಸ್ಕ್ರೂ ಹಾಕಿಸೋದು ಐದು ನಿಮಿಷದ ಕೆಲಸ. ಗಾಡಿ ನಿಲ್ಲಿಸಲು ಜಾಗ ಸಿಗದೆ ಜೆ.ಎಲ್.ಬಿ. ರಸ್ತೆವರೆಗೆ ಹೋಗಿ, ಮತ್ತೆ ಸುತ್ತಿ ಬರುವುದಕ್ಕೆ ಅದರ ನಾಲ್ಕರಷ್ಟು ಹೊತ್ತು. ಈ ಸಭೆಯಲ್ಲಿ ಅಂಗಡಿಯವರೇ ಜಾಸ್ತಿ ಇದ್ದೀರಿ. ನಿಮ್ಮ ಗಿರಾಕಿ ಹಾಗೆ ಸುತ್ತಿ ಸುತ್ತಿ ಕೊನೆಗೆ ಮನೆಗೇ ಹೋಗಿಬಿಡುತ್ತಾನೆ, ಅಲ್ವಾ?

ಹೀಗಾದಾಗಲೆಲ್ಲ ನಾವು ಕೇಳುವುದು ಒಂದೇ. ಇನ್ನೊಂದು ಪಾರ್ಕಿಂಗ್ ಕಟ್ಟಡ ಕಟ್ಟಿ ಅಂತ. ಟೌನ್‌ಹಾಲ್ ಆವರಣದಲ್ಲಿ ನೆಲದಡಿಯ ಪಾರ್ಕಿಂಗ್ ಕೆಲಸ ಶುರುವಾಗಿ ಹತ್ತು ವರ್ಷಕ್ಕೂ ಮೇಲಾಯಿತು. ಅದು ಎಷ್ಟು ಎಳೆಯಿತು ಅಂತ ನೀವೆಲ್ಲ ನೋಡಿದ್ದೀರಿ. ತಡ ಆಯಿತು ಅನ್ನುವುದಷ್ಟೇ ನನ್ನ ತಕರಾರಲ್ಲ. ನೆಲದಡಿ ಕಟ್ಟಿದರೆ ಒಂದು ಕಾರಿಗೆ ಸುಮಾರು 32 ಚದರ ಮೀಟರ್ ಬೇಕು ಅಂತ ನಗರ ಯೋಜನೆಯ ಮಾರ್ಗಸೂಚಿಗಳೇ ಲೆಕ್ಕ ಹಿಡಿಯುತ್ತವೆ. ಇಳಿಜಾರು, ಕಂಬ, ತಿರುಗುವ ಜಾಗ ಎಲ್ಲ ಸೇರಬೇಕಲ್ಲ. ಅಷ್ಟು ದುಡ್ಡು ಸುರಿದು ಕಟ್ಟಿದರೂ, ಅಂಗಡಿ ಬಾಗಿಲಲ್ಲೇ ಪುಕ್ಕಟೆ ಜಾಗ ಇರುವಾಗ ಯಾರು ಕೆಳಗಿಳಿದು ಹೋಗುತ್ತಾರೆ?

ಆ ಪುಕ್ಕಟೆ ಜಾಗದ ವಿಷಯಕ್ಕೇ ಬರುತ್ತೇನೆ. ರಸ್ತೆ ಬದಿಯಲ್ಲಿ ಒಂದು ಕಾರು ನಿಲ್ಲಲು ಎರಡೂವರೆ ಮೀಟರ್ ಅಗಲ, ಐದಾರು ಮೀಟರ್ ಉದ್ದ ಬೇಕು. ಅಂದರೆ ನೂರೈವತ್ತು ಚದರ ಅಡಿಯ ಆಸುಪಾಸು. ಹತ್ತು ಅಡಿಗೆ ಹದಿನೈದು ಅಡಿಯ ಒಂದು ಮಳಿಗೆ ಅಂತಲೇ ಇಟ್ಟುಕೊಳ್ಳಿ. ಅಷ್ಟು ದೊಡ್ಡ ಮಳಿಗೆಗೆ ಈ ರಸ್ತೆಯಲ್ಲಿ ತಿಂಗಳ ಬಾಡಿಗೆ ಎಷ್ಟು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಅದೇ ಅಳತೆಯ ಜಾಗವನ್ನು ಬಾಗಿಲಾಚೆ ಬಿಡಿಗಾಸಿಲ್ಲದೆ ಕೊಟ್ಟರೆ, ಮೊದಲು ಬಂದವರು ಸಂಜೆವರೆಗೆ ಬಿಡುವುದಿಲ್ಲ. ಮೊದಲು ಬರುವವರು ಯಾರು? ಬೇಜಾರು ಮಾಡಿಕೊಳ್ಳಬೇಡಿ. ಬೆಳಿಗ್ಗೆ ಬಾಗಿಲು ತೆಗೆಯುವವರು ನಾವೇ. ನಮ್ಮ ಗಾಡಿ, ನಮ್ಮಲ್ಲಿ ಕೆಲಸ ಮಾಡುವವರ ಗಾಡಿ. ಗಿರಾಕಿ ಬರುವ ಹೊತ್ತಿಗೆ ಜಾಗ ಎಲ್ಲಿಂದ ಉಳಿಯಬೇಕು?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಪ್ಯಾಸಡೀನಾ ಅಂತ ಒಂದು ಊರಿದೆ. ಮೈಸೂರಿಗಿಂತ ಎಷ್ಟೋ ಚಿಕ್ಕದು. ಅಲ್ಲಿನ ಹಳೇ ಪೇಟೆ ಬೀದಿ ಒಂದು ಕಾಲದಲ್ಲಿ ಪಾಳು ಬಿದ್ದಂತಿತ್ತು. ಗಾಡಿ ನಿಂತ ಹೊತ್ತಿಗೆ ತಕ್ಕಂತೆ ದುಡ್ಡು ತಗೊಳ್ಳುವ ಪಾರ್ಕಿಂಗ್ ಮೀಟರ್ ಹಾಕುತ್ತೇವೆ ಅಂದಾಗ ಅಂಗಡಿಯವರು ಒಪ್ಪಲಿಲ್ಲ. ಇರುವ ಗಿರಾಕಿಯೂ ಹೋಗುತ್ತಾನೆ ಅನ್ನುವ ಭಯ. ಆಗ ನಗರಾಡಳಿತ ಒಂದು ಮಾತು ಕೊಟ್ಟಿತು. ಈ ಬೀದಿಯ ಮೀಟರ್‌ನಲ್ಲಿ ಉಳಿಯುವ ದುಡ್ಡು ಈ ಬೀದಿಗೇ. 1993ರಲ್ಲಿ ಮೀಟರ್ ಬಂತು. ಆ ದುಡ್ಡಿನಲ್ಲಿ ಫುಟ್‌ಪಾತ್, ದೀಪ, ಮರ, ಬೆಂಚು ಆದವು. ಹಿಂದಿನ ಓಣಿಗಳು ಜನ ನಡೆಯುವಂತಾದವು. ಪೇಟೆಗೆ ಜನ ವಾಪಸ್ ಬಂದರು. ಲಾಸ್ ಏಂಜಲಿಸ್‌ನಲ್ಲಿ ಪಾಠ ಮಾಡುತ್ತಿದ್ದ ಡೊನಾಲ್ಡ್ ಶೂಪ್ ಎಂಬ ಪ್ರೊಫೆಸರ್ ಈ ಕಥೆಯನ್ನು ಊರೂರಿಗೆ ಹೇಳಿದರು. ಅವರ ಲೆಕ್ಕ ಸರಳ. ಪ್ರತಿ ಬೀದಿಯಲ್ಲೂ ಯಾವಾಗಲೂ ಒಂದೆರಡು ಜಾಗ ಖಾಲಿ ಸಿಗಬೇಕು. ಅಷ್ಟು ಖಾಲಿ ಉಳಿಯುವ ದರವೇ ಸರಿಯಾದ ದರ.

ನಮ್ಮ ದೇಶಕ್ಕೂ ಇದು ಹೊಸ ಮಾತಲ್ಲ. 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯಲ್ಲೇ ಪಾರ್ಕಿಂಗ್ ಶುಲ್ಕ ಆ ಜಾಗದ ನಿಜವಾದ ಬೆಲೆಯನ್ನು ತೋರಿಸಬೇಕು ಅಂತಿದೆ. ನಮ್ಮಲ್ಲಿ ಪೇ ಪಾರ್ಕಿಂಗ್ ಅಂದ ಕೂಡಲೇ ಜನ ಸಿಟ್ಟಾಗುವುದಕ್ಕೆ ಕಾರಣ ಇದೆ. ಚೀಟಿ ಹರಿದು ಕೊಡುವವನಿಗೆ ದುಡ್ಡು ಕೊಡುತ್ತೇವೆ, ಅದು ಎಲ್ಲಿ ಹೋಯಿತು ಅಂತ ಯಾರೂ ಹೇಳುವುದಿಲ್ಲ. ಆ ಸಿಟ್ಟು ನ್ಯಾಯವಾದದ್ದೇ.

ಇನ್ನು ಬಸ್ಸು. ನನಗೆ ಇದೇ ಮುಖ್ಯ. ಶುಲ್ಕ ಹಾಕಿ ಬಸ್ಸು ಕೊಡದಿದ್ದರೆ ಅದು ಬರೀ ಬರೆ. ರಸ್ತೆ ಬದಿಯಲ್ಲಿ ಎರಡು ಕಾರು ನಿಲ್ಲುವ ಉದ್ದದಲ್ಲಿ ಒಂದು ಸಿಟಿ ಬಸ್ಸು ನಿಂತು ನಲವತ್ತು ಜನರನ್ನು ಇಳಿಸಬಹುದು. ಬಸ್ಸಿನ ವಿಷಯದಲ್ಲಿ ನಮ್ಮ ಊರು ಹಿಂದೆ ಬಿದ್ದ ಊರೇನಲ್ಲ. ಬಸ್ಸು ಎಲ್ಲಿದೆ, ಎಷ್ಟು ನಿಮಿಷಕ್ಕೆ ಬರುತ್ತದೆ ಅಂತ ನಿಲ್ದಾಣದ ಬೋರ್ಡಿನಲ್ಲಿ ತೋರಿಸುವ ವ್ಯವಸ್ಥೆ 2012ರಲ್ಲೇ ಇಲ್ಲಿ ಬಂತು. ಆಗ ದೇಶದ ಎಷ್ಟೋ ದೊಡ್ಡ ಊರುಗಳಲ್ಲಿ ಅದು ಇರಲಿಲ್ಲ. 2017ರಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್‌ಗಳೂ ಬಂದವು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹಾಗಾದರೂ ರಾತ್ರಿ ಎಂಟೂವರೆಗೆ ಅಂಗಡಿ ಕೆಲಸ ಮುಗಿಸಿದ ಹುಡುಗಿ ಬಡಾವಣೆಯ ಬಸ್ಸಿಗೆ ಎಷ್ಟು ಹೊತ್ತು ಕಾಯಬೇಕು, ಕೇಳಿ ನೋಡಿ. ನಾನೂ ಆ ಹೊತ್ತಿನಲ್ಲಿ ನಿಲ್ದಾಣದಲ್ಲಿ ನಿಂತವನು. ಎರಡು ತಿಂಗಳು ಹಾಗೆ ಕಾದವಳು ಮೂರನೇ ತಿಂಗಳು ಸಾಲ ಮಾಡಿ ಸ್ಕೂಟರ್ ತಗೊಳ್ಳುತ್ತಾಳೆ. ಆ ಸ್ಕೂಟರ್ ಮತ್ತೆ ನಿಮ್ಮ ಬಾಗಿಲಿಗೇ ಬರುತ್ತದೆ.

ಪ್ಲೇಗ್ ಬಂದು ಹೋದ ಮೇಲೆ, 1903ರಲ್ಲಿ, ಈ ಊರಿಗೆ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಮಾಡಿದರು. ಗಾಳಿ ಬೆಳಕು ಬರಲಿ, ಜನ ನಡೆಯಲಿ ಅಂತ ರಸ್ತೆ ಅಗಲ ಬಿಟ್ಟರು. ವಿಜಯದಶಮಿ ದಿನ ಜಂಬೂಸವಾರಿಗೆ ಸಯ್ಯಾಜಿರಾವ್ ರಸ್ತೆಯಿಂದ ಗಾಡಿಗಳನ್ನೆಲ್ಲ ತೆಗೆದಾಗ ಆ ಅಗಲ ಕಣ್ಣಿಗೆ ಬೀಳುತ್ತದೆ. ನನಗೆ ಪ್ರತಿ ವರ್ಷ ಅದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ನನ್ನ ಬೇಡಿಕೆ ಇಷ್ಟು. ಮೊದಲು ಅರಸು ರಸ್ತೆ ಒಂದರಲ್ಲೇ ಮಾಡಿ ನೋಡೋಣ. ಕಾರಿಗೆ ಗಂಟೆ ಲೆಕ್ಕದಲ್ಲಿ ಶುಲ್ಕ ಇರಲಿ, ಸಂಜೆ ಜಾಸ್ತಿ, ಬೆಳಿಗ್ಗೆ ಕಮ್ಮಿ. ಟೂ ವೀಲರ್‌ಗೆ ತೀರಾ ಕಮ್ಮಿ ಇಡಿ, ಅದು ಬಡವರ ಗಾಡಿ. ಸರಕು ಇಳಿಸೋದು ಹತ್ತು ಗಂಟೆಯೊಳಗೆ ಮುಗಿಯಲಿ. ಅಂಗವಿಕಲರಿಗೆ ಬಾಗಿಲ ಹತ್ತಿರ ಜಾಗ ಬಿಡಿ. ಬಂದ ದುಡ್ಡಿನಲ್ಲಿ ಮೊದಲು ಇದೇ ಬೀದಿಯ ಫುಟ್‌ಪಾತ್ ಸರಿ ಮಾಡಿಸಿ, ಉಳಿದದ್ದರಲ್ಲಿ ರಾತ್ರಿ ಎಂಟರಿಂದ ಹತ್ತರವರೆಗೆ ಬಸ್ಸು ಹೆಚ್ಚಿಸಲು ಕೇಳೋಣ. ಪ್ರತಿ ತಿಂಗಳು ಎಷ್ಟು ಬಂತು, ಎಷ್ಟು ಹೋಯಿತು ಅಂತ ಕೆ.ಆರ್. ಸರ್ಕಲ್ ಕಡೆಯ ತುದಿಯಲ್ಲಿ ಒಂದು ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಆ ಬೋರ್ಡು ಇಲ್ಲದಿದ್ದರೆ ಶುಲ್ಕಕ್ಕೆ ನಾನೂ ಒಪ್ಪುವುದಿಲ್ಲ.

ಈಗ ನೀವು ಕೇಳಿ. ಹಿಂದಿನ ಸಾಲಿನವರು ಆಗಲೇ ಕೈ ಎತ್ತಿದ್ದಾರೆ, ಅವರಿಂದಲೇ ಶುರು ಮಾಡೋಣ.